ಜನಪ್ರತಿನಿಧಿಯ ಹೊಣೆ, ಮತದಾರನ ಹೊಣೆ: ಮಸ್ಕಿ ಕ್ಷೇತ್ರದ ನಿದರ್ಶನ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಅಂಗಳದಲ್ಲಿ ನಿಂತು ಚುನಾವಣೆಯ ಮಾತನ್ನಾಡುವುದು ಉಚಿತವೇ ಎಂಬ ಸಂದೇಹ ತಮ್ಮಲ್ಲಿ ಕೆಲವರಿಗೆ ಬಂದಿರಬಹುದು. ಸಮಿತಿಯವರು ಈ ವಿಷಯವನ್ನು ನಮಗೆ ಒಪ್ಪಿಸಿದಾಗ ನಮಗೂ ಆ ಸಂದೇಹ ಬಾರದಿರಲಿಲ್ಲ. ಆದರೆ ಮತ ನೀಡುವುದು ಪೌರನ ಹಕ್ಕು ಮಾತ್ರವಲ್ಲ, ಸರ್ವರ ಹಿತಕ್ಕಾಗಿ ಅವನು ನಿರ್ವಹಿಸಬೇಕಾದ ಕರ್ತವ್ಯವೂ ಹೌದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಸಾರಿದೆ. ಆದುದರಿಂದ ಈ ವಿಷಯವು ದೇವಾಲಯದ ಅಂಗಳಕ್ಕೆ ಹೊರತಾದುದಲ್ಲ. ಯಾವ ಪಕ್ಷದ ಪರವಾಗಿಯೂ ಯಾವ ವ್ಯಕ್ತಿಯ ವಿರುದ್ಧವಾಗಿಯೂ ಮಾತನಾಡಲು ನಾವು ಇಲ್ಲಿಗೆ ಬಂದಿಲ್ಲವೆಂಬುದನ್ನು ಮಾತ್ರ ಮೊದಲಿಗೇ ಸ್ಪಷ್ಟಪಡಿಸುತ್ತೇವೆ.

ಜನಪ್ರತಿನಿಧಿ ಎಂದರೆ ಯಾರು? ಅವನಿಗೂ ಅವನನ್ನು ಆರಿಸಿದವರಿಗೂ ಇರುವ ಬಂಧ ಎಂತಹುದು? ಈ ಪ್ರಶ್ನೆಗಳಿಗೆ ಪುಸ್ತಕಗಳಿಂದ ಉತ್ತರ ಹೇಳುವುದು ಸುಲಭ. ಆದರೆ ನಮ್ಮ ಕಣ್ಣೆದುರಿಗೇ, ನಮ್ಮ ರಾಯಚೂರು ಸೀಮೆಯಲ್ಲಿಯೇ ನಡೆದುಹೋದ ಒಂದು ನಿದರ್ಶನವಿರುವಾಗ ದೂರ ಹೋಗುವ ಅಗತ್ಯವಿಲ್ಲ. ಸಿಂಧನೂರು, ಲಿಂಗಸುಗೂರುಗಳ ನಡುವೆ ಇರುವ ಮಸ್ಕಿ ವಿಧಾನಸಭಾ ಕ್ಷೇತ್ರದ ಕಥೆಯನ್ನೇ ತಮ್ಮ ಮುಂದಿಡುತ್ತೇವೆ.

ಮೊದಲು ನೆಲದ ಪರಿಚಯವನ್ನು ಮಾಡಿಕೊಳ್ಳೋಣ. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ಈ ಸೀಮೆಯನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಎರಡು ಮಹಾನದಿಗಳ ಮಡಿಲಲ್ಲಿದ್ದರೂ ಈ ನಾಡಿನ ಬಹುಭಾಗಕ್ಕೆ ನೀರು ದೊರೆಯಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿದ ಬಳಿಕ ಎಡದಂಡೆ ಕಾಲುವೆಯ ಕೆಳಗೆ ಬಂದ ಸಿಂಧನೂರಿನ ಚಿತ್ರವೇ ಬದಲಾಯಿತು. ಜೋಳದ ಹೊಲಗಳಿದ್ದಲ್ಲಿ ಭತ್ತದ ಗದ್ದೆಗಳು ಬಂದವು. ಅಕ್ಕಿ ಗಿರಣಿಗಳು ಎದ್ದವು. ಹೊರಗಿನಿಂದ ಬಂದ ಒಕ್ಕಲು ಮಕ್ಕಳು ಕ್ಯಾಂಪುಗಳನ್ನು ಕಟ್ಟಿಕೊಂಡು ಇಲ್ಲಿಯವರೇ ಆದರು. ಅತ್ತ ಲಿಂಗಸುಗೂರಿನ ಕಡೆಗೆ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಯ ಬಲದಂಡೆ ಕಾಲುವೆ ಬಂದಿತು. ಅದೇ ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ಮುದಗಲ್ಲಿನಲ್ಲಿ ಕೋಟೆ, ಅದರ ಜೊತೆಗೆ ಆದಿಲ್‌ಶಾಹಿಗಳ ಕಾಲದಿಂದಲೂ ಉಳಿದು ಬಂದಿರುವ ನಮ್ಮ ಕಥೋಲಿಕ ಬಂಧುಗಳ ನೆಲೆ. ಇವೆರಡರ ನಡುವಿನ ಮಸ್ಕಿಯ ಸೀಮೆಯಲ್ಲಿ ಅನೇಕ ಹಳ್ಳಿಗಳಿಗೆ ಆ ಕಾಲುವೆಯ ನೀರೂ ಇಲ್ಲ, ಈ ಕಾಲುವೆಯ ನೀರೂ ಇಲ್ಲ. ಮಳೆ ಬಂದರೆ ತೊಗರಿ, ಸಜ್ಜೆ, ಜೋಳ, ಹತ್ತಿ, ಬಾರದಿದ್ದರೆ ಗುಳೆ. ಗಂಟು ಮೂಟೆ ಕಟ್ಟಿಕೊಂಡು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾಯುವ ಕುಟುಂಬಗಳನ್ನು ಈ ಭಾಗದ ಬಸ್ ನಿಲ್ದಾಣಗಳಲ್ಲಿ ಕಾಣದವರು ನಮ್ಮಲ್ಲಿ ಯಾರೂ ಇರಲಾರರು.

ಈ ಮಸ್ಕಿಗೆ ಒಂದು ಪ್ರಾಚೀನ ಕೀರ್ತಿಯೂ ಇದೆ. 1915ರಲ್ಲಿ ಇಲ್ಲಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವೊಂದು ಬೆಳಕಿಗೆ ಬಂದಿತು. ಅಲ್ಲಿಯವರೆಗೆ ಶಾಸನಗಳಲ್ಲಿ ಬಿರುದುಗಳಿಂದಷ್ಟೇ ಪರಿಚಿತನಾಗಿದ್ದ ಅರಸನ ಅಶೋಕನೆಂಬ ಹೆಸರು ಇಲ್ಲಿ ಸ್ಪಷ್ಟವಾಗಿ ದೊರೆಯಿತು. ದೊಡ್ಡವರು ಮಾತ್ರವೇ ಶ್ರೇಯಸ್ಸನ್ನು ಪಡೆಯಬಲ್ಲರೆಂದು ಭಾವಿಸಬಾರದು, ಸಣ್ಣವನೂ ಪ್ರಯತ್ನಿಸಿದರೆ ಅದನ್ನು ಪಡೆಯಬಲ್ಲನು ಎಂಬುದು ಆ ಶಾಸನದ ತಿರುಳು. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ; ಕೊನೆಯಲ್ಲಿ ಇದರ ಪ್ರಯೋಜನವುಂಟು.

ಕ್ಷೇತ್ರಗಳ ಪುನರ್ವಿಂಗಡಣೆಯಾದ ಮೇಲೆ 2008ರ ಚುನಾವಣೆಗೆ ಮಸ್ಕಿ ಎಂಬ ಹೊಸ ಕ್ಷೇತ್ರ ಹುಟ್ಟಿತು. ಅದನ್ನು ಪರಿಶಿಷ್ಟ ಪಂಗಡಗಳಿಗೆ ಮೀಸಲಿಡಲಾಯಿತು. ನೆರೆಯ ಲಿಂಗಸುಗೂರು ಪರಿಶಿಷ್ಟ ಜಾತಿಗಳಿಗೆ ಮೀಸಲಾಯಿತು. ಸಿಂಧನೂರು ಸಾಮಾನ್ಯ ಕ್ಷೇತ್ರವಾಗಿ ಉಳಿಯಿತು. ಮಸ್ಕಿಯ ಮೊದಲ ಶಾಸಕರಾಗಿ ಆರಿಸಿ ಬಂದವರು ಶ್ರೀ ಪ್ರತಾಪಗೌಡ ಪಾಟೀಲರು. 2008ರಲ್ಲಿ ಅವರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. 2018ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದಲೇ ಮೂರನೆಯ ಬಾರಿ ಗೆದ್ದರು. ಹೊಸ ಕ್ಷೇತ್ರವೊಂದರ ಜನ ಒಬ್ಬನನ್ನೇ ಮೂರು ಸಲ, ಅದೂ ಎರಡು ಪಕ್ಷಗಳ ಚಿಹ್ನೆಯ ಮೇಲೆ ಆರಿಸುವುದು ಸಾಧಾರಣ ಸಂಗತಿಯಲ್ಲ. ಜನರ ನಡುವೆ ಅವರಿಗಿದ್ದ ನೆಲೆಯನ್ನು ಇದು ತೋರಿಸುತ್ತದೆಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು.

ಆದರೆ ಮೂರನೆಯ ಗೆಲುವು ಹಿಂದಿನವುಗಳಂತೆ ಇರಲಿಲ್ಲ. ಪ್ರತಾಪಗೌಡರಿಗೆ ಬಂದ ಮತಗಳು 60,387. ಭಾರತೀಯ ಜನತಾ ಪಕ್ಷದಿಂದ ಎದುರು ನಿಂತಿದ್ದ ಶ್ರೀ ಬಸನಗೌಡ ತುರವಿಹಾಳರಿಗೆ ಬಂದವು 60,174. ಅಂತರ ಕೇವಲ 213. ನಾಲ್ಕೈದು ಬಸ್ಸುಗಳಲ್ಲಿ ಕೂಡಬಹುದಾದಷ್ಟು ಜನ! ಸೋತವರು ಫಲಿತಾಂಶವನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿಯನ್ನು ಹೂಡಿದರು.

ಆ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಪೂರ್ಣ ಬಹುಮತ ಬರಲಿಲ್ಲ. ವಿಶ್ವಾಸಮತದ ದಿನವಾದ 2018ರ ಮೇ 19ರಂದು ಸದನದಲ್ಲಿ ಯಾರಾರು ಬಂದರು, ಯಾರಾರು ಬರಲಿಲ್ಲ ಎಂದು ನಾಡೇ ಎಣಿಸುತ್ತ ಕುಳಿತಿದ್ದಾಗ ಎಲ್ಲರ ಬಾಯಲ್ಲಿದ್ದ ಹೆಸರುಗಳಲ್ಲಿ ಮಸ್ಕಿಯ ಶಾಸಕರದೂ ಒಂದು. ಅಂದು ಅವರು ಸದನಕ್ಕೆ ಬಂದರು. ತಮ್ಮ ಪಕ್ಷದೊಡನೆಯೇ ಉಳಿದರು. ಕಾಂಗ್ರೆಸ್ ಮತ್ತು ಜನತಾ ದಳಗಳ ಸಂಯುಕ್ತ ಸರ್ಕಾರ ರಚನೆಯಾಯಿತು. ಆದರೆ 2019ರ ಜುಲೈ ತಿಂಗಳಲ್ಲಿ ಎರಡೂ ಪಕ್ಷಗಳ ಹಲವು ಶಾಸಕರು ರಾಜೀನಾಮೆಯಿತ್ತಾಗ ಅವರಲ್ಲಿ ಪ್ರತಾಪಗೌಡರೂ ಇದ್ದರು. ಜುಲೈ 23ರಂದು ಸರ್ಕಾರ ಬಿದ್ದಿತು. ಜುಲೈ 28ರಂದು ಸಭಾಧ್ಯಕ್ಷರಾದ ಶ್ರೀ ಕೆ. ಆರ್. ರಮೇಶ್ ಕುಮಾರರು ಅವರನ್ನೂ ಇತರರನ್ನೂ ಅನರ್ಹರೆಂದು ಘೋಷಿಸಿದರು.

ಇಲ್ಲಿ ಕಾನೂನಿನ ಒಂದೆರಡು ಮಾತುಗಳು ಅವಶ್ಯ. ಗೆದ್ದ ಬಳಿಕ ಪಕ್ಷವನ್ನು ಬದಲಿಸುವ ರೋಗಕ್ಕೆ ಮದ್ದಾಗಿ 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಲಾಯಿತು. ಒಂದು ಪಕ್ಷದ ಚಿಹ್ನೆಯ ಮೇಲೆ ಗೆದ್ದವನು ಆ ಪಕ್ಷವನ್ನು ಸ್ವಇಚ್ಛೆಯಿಂದ ತೊರೆದರೆ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಹಾಗಾದರೆ ಸ್ಥಾನಕ್ಕೇ ರಾಜೀನಾಮೆ ಕೊಟ್ಟವನ ಗತಿಯೇನು? 2019ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಈ ಪ್ರಕರಣದಲ್ಲಿಯೇ ಉತ್ತರ ಹೇಳಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆಯಿಂದ ಪಾರಾಗಲು ಬರುವುದಿಲ್ಲ. ಆದುದರಿಂದ ಸಭಾಧ್ಯಕ್ಷರ ಆದೇಶ ಸರಿ. ಆದರೆ ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಅವರು ಚುನಾವಣೆಗೇ ನಿಲ್ಲಬಾರದೆಂದು ವಿಧಿಸುವ ಅಧಿಕಾರ ಸಭಾಧ್ಯಕ್ಷರಿಗಿಲ್ಲ. ಅಂದರೆ, ಕೊನೆಯ ತೀರ್ಪನ್ನು ಮತದಾರನೇ ಕೊಡಲಿ ಎಂದಂತಾಯಿತು.

ತೆರವಾದ ಸ್ಥಾನಗಳಲ್ಲಿ ಹದಿನೈದಕ್ಕೆ 2019ರ ಡಿಸೆಂಬರ್ 5ರಂದು ಉಪಚುನಾವಣೆ ನಡೆಯಿತು. ಮಸ್ಕಿಗೆ ಮಾತ್ರ, ಬೆಂಗಳೂರಿನ ರಾಜರಾಜೇಶ್ವರಿನಗರದಂತೆಯೇ, ನಡೆಯಲಿಲ್ಲ. ನ್ಯಾಯಾಲಯದಲ್ಲಿದ್ದ ಚುನಾವಣಾ ತಕರಾರು ಇತ್ಯರ್ಥವಾಗದೆ ಅಲ್ಲಿ ಮತದಾನ ನಡೆಸುವಂತಿರಲಿಲ್ಲ. ಬಳಿಕ ಕೊರೋನಾ ಬಂದಿತು. ರಾಜರಾಜೇಶ್ವರಿನಗರದವರು 2020ರ ನವೆಂಬರಿನಲ್ಲಿ ಮತ ಹಾಕಿದರು. ಮಸ್ಕಿಯವರು ಮತ ಹಾಕಿದ್ದು 2021ರ ಏಪ್ರಿಲ್ 17ರಂದು. ಇಪ್ಪತ್ತೊಂದು ತಿಂಗಳ ಕಾಲ ಮಸ್ಕಿಗೆ ಶಾಸಕರೇ ಇರಲಿಲ್ಲ.

ಸಹೋದರರೇ, ಇಪ್ಪತ್ತೊಂದು ತಿಂಗಳೆಂದರೆ ಎಷ್ಟು ಕಾಲ? ಸರ್ಕಾರ ಬದಲಾದ ಕಾಲ. ನೆರೆ ಬಂದ ಕಾಲ. ಮಹಾಮಾರಿ ಎರಗಿ, ಗುಳೆ ಹೋದವರು ಕೆಲಸವಿಲ್ಲದೆ ಊರಿಗೆ ಮರಳಿದ ಕಾಲ. ಅಂತಹ ಹೊತ್ತಿನಲ್ಲಿ ನಮ್ಮ ಊರಿನ ಹೆಸರೆತ್ತಿ ಪ್ರಶ್ನೆ ಕೇಳಲು ಸದನದಲ್ಲಿ ಒಬ್ಬನೂ ಇಲ್ಲದಿರುವುದು ಎಂತಹ ಬಡತನ! ಪ್ರತಾಪಗೌಡರು ಏಕೆ ರಾಜೀನಾಮೆ ಕೊಟ್ಟರು, ಅವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆಳುವ ಪಕ್ಷದಲ್ಲಿದ್ದರೆ ಕ್ಷೇತ್ರಕ್ಕೆ ಹಣ ತರಬಹುದು ಎಂಬ ವಾದವನ್ನು ಪಕ್ಷಾಂತರದ ಸಮಯದಲ್ಲಿ ನಾವೆಲ್ಲ ಎಷ್ಟೋ ಬಾಯಿಗಳಿಂದ ಕೇಳಿದ್ದೇವೆ. ಆ ವಾದದಲ್ಲಿ ಹುರುಳೇ ಇಲ್ಲವೆನ್ನುವಂತೆಯೂ ಇಲ್ಲ. ಆದರೆ ಶಾಸಕತ್ವವು ಶಾಸಕನ ಸ್ವಂತ ಸೊತ್ತಲ್ಲ. ಅದು ಜನರು ಅವನ ಬಳಿ ಇರಿಸಿದ ಇಡುಗಂಟು. ಇಟ್ಟುಕೊಂಡವನು ಅದನ್ನು ಇನ್ನೊಂದೆಡೆಗೆ ಸಾಗಿಸುವ ಮುನ್ನ ಇಟ್ಟವರನ್ನು ಕೇಳಬೇಡವೇ? ಪ್ರಶ್ನೆ ಇರುವುದು ಇಲ್ಲಿ.

ಆ ಖಾಲಿ ಕಾಲದಲ್ಲಿಯೇ ಜನರು ತಮ್ಮ ಮಾತನ್ನು ತಾವೇ ಆಡತೊಡಗಿದರು. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಯನ್ನು ತೆಗೆಸಿ ತಮ್ಮ ಹೊಲಗಳಿಗೆ ಕೃಷ್ಣೆಯ ನೀರು ಹರಿಸಬೇಕೆಂದು ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಅದು ಒಂದೆರಡು ದಿನದ ಧರಣಿಯಲ್ಲ, ತಿಂಗಳುಗಟ್ಟಲೆ ನಡೆಯಿತು. 5ಎ ಕಾಲುವೆ ತಾಂತ್ರಿಕವಾಗಿ ಸಾಧ್ಯವಿಲ್ಲ, ಬದಲಿಗೆ ನಂದವಾಡಗಿ ಏತ ನೀರಾವರಿಯಿಂದ ನೀರು ಕೊಡುತ್ತೇವೆ ಎಂಬುದು ಅಂದಿನ ಸರ್ಕಾರದ ಉತ್ತರವಾಗಿತ್ತು.

ಈ ವಾದದ ಎರಡು ಮುಖಗಳನ್ನೂ ನೋಡಬೇಕು. ಕಾಲುವೆಯ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತದೆ. ಏತ ನೀರಾವರಿಯಲ್ಲಿ ಪಂಪುಗಳಿಂದ ನೀರನ್ನು ಮೇಲೆತ್ತಬೇಕು. ಪಂಪಿಗೆ ವಿದ್ಯುತ್ತು ಬೇಕು, ದುರಸ್ತಿ ಬೇಕು, ವರ್ಷ ವರ್ಷವೂ ಹಣ ಬೇಕು. ಎಲ್ಲಿ ಒಂದು ಕೊಂಡಿ ಕಳಚಿದರೂ ಹೊಲ ಒಣಗುತ್ತದೆ. ಆದುದರಿಂದಲೇ ರೈತರು ಕಾಲುವೆಗಾಗಿ ಹಟ ಹಿಡಿದರು. ಇನ್ನೊಂದೆಡೆ, ಕೃಷ್ಣೆಯ ನೀರು ನ್ಯಾಯಾಧಿಕರಣದ ಹಂಚಿಕೆಗೆ ಒಳಪಟ್ಟದ್ದು. ಒಂದು ಕಾಲುವೆಗೆ ಹೊಸ ಹೊಲಗಳನ್ನು ಸೇರಿಸಿದರೆ ಕೊನೆಯ ಅಂಚಿನವರಿಗೆ ಎಷ್ಟು ಉಳಿದೀತೆಂಬ ಲೆಕ್ಕವೂ ಬೇಕು. ಕೊನೆಯ ಅಂಚಿನವರ ಸಂಕಟ ಏನೆಂಬುದನ್ನು ತುಂಗಭದ್ರಾ ಎಡದಂಡೆಯ ರೈತರನ್ನು ಕೇಳಿದರೆ ತಿಳಿಯುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಮನೆ ಮನೆಯಲ್ಲಿ ಆವರಿಸಿದ ಆತಂಕವನ್ನು ನಾವು ಮರೆತಿಲ್ಲ. ನೀರಿನ ಪ್ರಶ್ನೆ ಯಾರಿಗೂ ಸುಲಭದ ಪ್ರಶ್ನೆಯಲ್ಲ. ಅಂತಹ ಕಠಿಣ ಪ್ರಶ್ನೆಯನ್ನು ಅಂಕಿ ಅಂಶಗಳೊಡನೆ ಸದನದಲ್ಲಿ ಎತ್ತಿ, ಸರ್ಕಾರದಿಂದ ಲಿಖಿತ ಉತ್ತರ ಪಡೆದು, ಜನರಿಗೆ ತಿಳಿಯ ಹೇಳುವುದಕ್ಕಾಗಿಯೇ ಶಾಸಕನೊಬ್ಬ ಬೇಕಾಗಿರುವುದು. ಪಾಮನಕಲ್ಲೂರಿನ ಧರಣಿ ನಡೆದಾಗ ಆ ಸ್ಥಾನವೇ ಬರಿದಾಗಿತ್ತು.

ಅಷ್ಟರಲ್ಲಿ ಉಪಚುನಾವಣೆ ಬಂದಿತು. ಆಗ ಒಂದು ವಿಚಿತ್ರ ಸಂಭವಿಸಿತು. 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಪ್ರತಾಪಗೌಡರು ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾದರು. ಅಂದು ಭಾರತೀಯ ಜನತಾ ಪಕ್ಷದಿಂದ ಸೋತಿದ್ದ ಬಸನಗೌಡರು 2020ರ ನವೆಂಬರಿನಲ್ಲಿ ಕಾಂಗ್ರೆಸ್ ಸೇರಿ ಆ ಪಕ್ಷದ ಅಭ್ಯರ್ಥಿಯಾದರು. ವ್ಯಕ್ತಿಗಳು ಅವರೇ, ಚಿಹ್ನೆಗಳು ಅವೇ. ಯಾವ ಚಿಹ್ನೆ ಯಾರ ಕೈಯಲ್ಲಿ ಎಂಬುದಷ್ಟೇ ಅದಲು ಬದಲಾಗಿತ್ತು. ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಿ. ಎಸ್. ಯಡಿಯೂರಪ್ಪನವರು ಪ್ರಚಾರಕ್ಕೆ ಬಂದರು. ಅವರ ಪುತ್ರ ಶ್ರೀ ಬಿ. ವೈ. ವಿಜಯೇಂದ್ರರು ಅಲ್ಲಿಯೇ ಬಿಡಾರ ಹೂಡಿದರು. ಎದುರು ಪಕ್ಷದಿಂದ ಶ್ರೀ ಸಿದ್ದರಾಮಯ್ಯನವರೂ ಶ್ರೀ ಡಿ. ಕೆ. ಶಿವಕುಮಾರರೂ ಬಂದರು. ಬಹುಕಾಲ ಯಾರೂ ಕೇಳದಿದ್ದ ಮಸ್ಕಿಯ ಹಳ್ಳಿ ರಸ್ತೆಗಳಲ್ಲಿ ಕಾರುಗಳ ಧೂಳು ಎದ್ದಿತು. ಕೊರೋನಾದ ಎರಡನೆಯ ಅಲೆ ಏರುತ್ತಿದ್ದ ದಿನಗಳವು. ಆ ಕಾಲದ ಉಪಚುನಾವಣೆಗಳ ಕರ್ತವ್ಯಕ್ಕೆ ಹೋದ ಶಿಕ್ಷಕರಲ್ಲಿ ಕೆಲವರು ಸೋಂಕಿಗೆ ಬಲಿಯಾದರೆಂಬ ವರದಿಗಳನ್ನು ಓದಿ ನಾವು ಮರುಗಿದೆವು. ಜನರ ತೀರ್ಪನ್ನು ಬರೆದುಕೊಳ್ಳಲು ಹೋದವರು ತೆತ್ತ ಬೆಲೆ ಅದು.

ಮೇ 2ರಂದು ಫಲಿತಾಂಶ ಬಂದಿತು. ಬಸನಗೌಡ ತುರವಿಹಾಳರಿಗೆ 86,337 ಮತಗಳು, ಪ್ರತಾಪಗೌಡ ಪಾಟೀಲರಿಗೆ 55,731. ಅಂತರ 30,606. ಮೂರು ವರ್ಷಗಳ ಹಿಂದೆ 213ರಿಂದ ಗೆದ್ದವರು ಮೂವತ್ತು ಸಾವಿರದಿಂದ ಸೋತರು.

ಈ ಅಂಕಿಗಳನ್ನು ತುಸು ಬಿಡಿಸಿ ನೋಡೋಣ. ಪ್ರತಾಪಗೌಡರ ಮತಗಳು ಹಿಂದಿಗಿಂತ ಕಡಿಮೆಯಾದದ್ದು 4,656 ಮಾತ್ರ. ಬಸನಗೌಡರ ಮತಗಳು ಏರಿದ್ದು 26,163. ಪಕ್ಷ ಬಿಟ್ಟವರನ್ನು ಜನ ಒಮ್ಮೆಲೇ ಕೈಬಿಟ್ಟರೆಂಬ ಮಾತು ಪೂರ್ಣ ಸತ್ಯವಲ್ಲವೆಂದಾಯಿತು. ಅರ್ಧ ಲಕ್ಷಕ್ಕೂ ಮಿಕ್ಕಿದ ಜನ ಅವರಿಗೆ ಆಗಲೂ ಮತ ಕೊಟ್ಟರು. ಆದರೆ ಹಿಂದೆ ಬೇರೆಯವರಿಗೆ ಮತ ಕೊಟ್ಟಿದ್ದವರು, ಮತಗಟ್ಟೆಗೇ ಬಾರದಿದ್ದವರು, ಹೊಸದಾಗಿ ಹಕ್ಕು ಪಡೆದವರು ಈ ಸಲ ಒಂದು ಕಡೆಗೆ ವಾಲಿದರೆಂದು ತೋರುತ್ತದೆ. ಕಾಲುವೆಯ ಹೋರಾಟ, ಬರಿದಾದ ಸ್ಥಾನದ ನೋವು, ಹಣಬಲದ ಮುಂದೆ ಸ್ವಾಭಿಮಾನವೆಂಬ ಕೂಗು, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ತಕ್ಕಡಿಯಲ್ಲಿ ತೂಗಿ ಹೇಳಲು ಸಾಧ್ಯವಿಲ್ಲ. ಒಂದನ್ನು ಮಾತ್ರ ಹೇಳಬಹುದು: ಅಂದು ಮತದಾರನಿಗೆ ಚಿಹ್ನೆಯನ್ನು ನೋಡಿ ಕಣ್ಣು ಮುಚ್ಚಿ ಒತ್ತುವ ಸೌಲಭ್ಯವಿರಲಿಲ್ಲ. ಅವನು ಯೋಚಿಸಲೇಬೇಕಾಯಿತು.

2023ರ ಸಾರ್ವತ್ರಿಕ ಚುನಾವಣೆಯಲ್ಲಿ ಅವರಿಬ್ಬರೇ ಮತ್ತೆ ಎದುರಾದರು. ಬಸನಗೌಡರು ಮತ್ತೆ ಗೆದ್ದರು. ಆದರೆ ಅಂತರ 13,053ಕ್ಕೆ ಇಳಿಯಿತು. ಗೆದ್ದವರಿಗೂ ಇದರಲ್ಲಿ ಎಚ್ಚರಿಕೆಯ ಮಾತಿದೆ. ಹಿಂದಿನವರಿಗೆ ಕೇಳಿದ ಪ್ರಶ್ನೆಯನ್ನು ಜನ ಇಂದಿನವರಿಗೂ ಕೇಳಬಲ್ಲರು, ಕೇಳಬೇಕು.

ಇದು ಮಸ್ಕಿಯೊಂದರ ಕಥೆಯೆಂದು ತಿಳಿಯಬಾರದು. ಲಿಂಗಸುಗೂರಿನ ಶ್ರೀ ಮಾನಪ್ಪ ವಜ್ಜಲರು 2008ರಲ್ಲಿ ಭಾರತೀಯ ಜನತಾ ಪಕ್ಷದಿಂದ, 2013ರಲ್ಲಿ ಜನತಾ ದಳದಿಂದ, 2023ರಲ್ಲಿ ಮತ್ತೆ ಭಾರತೀಯ ಜನತಾ ಪಕ್ಷದಿಂದ ಗೆದ್ದರು. ನಡುವೆ 2018ರಲ್ಲಿ ಶ್ರೀ ಡಿ. ಎಸ್. ಹೂಲಗೇರಿಯವರು ಕಾಂಗ್ರೆಸ್ಸಿನಿಂದ ಗೆದ್ದರು. ಸಿಂಧನೂರಿನ ಜನರದು ಇನ್ನೊಂದು ಪದ್ಧತಿ: 2008ರಲ್ಲಿ ಶ್ರೀ ವೆಂಕಟರಾವ್ ನಾಡಗೌಡರು, 2013ರಲ್ಲಿ ಶ್ರೀ ಹಂಪನಗೌಡ ಬಾದರ್ಲಿಯವರು, 2018ರಲ್ಲಿ ಮತ್ತೆ ನಾಡಗೌಡರು, 2023ರಲ್ಲಿ ಮತ್ತೆ ಬಾದರ್ಲಿಯವರು. ಒಬ್ಬರನ್ನು ಕೂರಿಸಿ ಐದು ವರ್ಷ ನೋಡಿ, ಇನ್ನೊಬ್ಬರನ್ನು ಕರೆಯುವುದು! ಪಕ್ಷಗಳಿಗಿಂತ ಜನರೇ ಚತುರರೆನ್ನಬೇಕೋ, ಅಥವಾ ಯಾರಿಂದಲೂ ಅವರಿಗೆ ತೃಪ್ತಿಯಾಗಿಲ್ಲವೆನ್ನಬೇಕೋ, ತಾವೇ ಯೋಚಿಸಿರಿ.

ಇನ್ನು ನಮ್ಮ ವಿಷಯ. ಈ ಸೀಮೆಯಲ್ಲಿ ನಾವು ಅಲ್ಪಸಂಖ್ಯಾತರು. ಊರಿಗೆ ನಾಲ್ಕು ಮನೆ, ಹತ್ತು ಮನೆ. "ನಮ್ಮ ನಾಲ್ಕು ಮತಗಳಿಂದ ಏನಾದೀತು?" ಎಂಬ ಮಾತನ್ನು ಬಲಿಪೂಜೆ ಮುಗಿಸಿ ಹೊರಬಂದ ಹಿರಿಯರ ಬಾಯಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅವರಿಗೆ ಉತ್ತರವಾಗಿ 213 ಎಂಬ ಅಂಕಿಯನ್ನು ಹೇಳಿದರೆ ಸಾಕು. ಅಂದು ಗುಳೆ ಹೋಗಿದ್ದ ನಾಲ್ಕೈದು ಬಸ್ಸುಗಳ ಜನ ಊರಿಗೆ ಬಂದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೋ ಏನೋ. ಫಲಿತಾಂಶ ಬೇರೆಯಾಗಿದ್ದರೆ ಬಳಿಕ ನಡೆದ ಎಷ್ಟೋ ಘಟನೆಗಳು ಬೇರೆಯಾಗುತ್ತಿದ್ದವು. ಮಸ್ಕಿಯ ಬಂಡೆಯ ಮೇಲೆ ಅರಸನು ಕೊರೆಯಿಸಿದ ಮಾತೂ ಇದೇ ಅಲ್ಲವೇ? ಸಣ್ಣವನು ತನ್ನನ್ನು ಸಣ್ಣವನೆಂದು ಬಗೆದು ಕೈಕಟ್ಟಿ ಕೂರಬಾರದು.

ಹಾಗೆಂದು ನಮ್ಮ ಮತಗಳನ್ನೆಲ್ಲ ಒಂದು ಕಟ್ಟು ಮಾಡಿ ಯಾರಿಗಾದರೂ ಒಪ್ಪಿಸಬೇಕೆಂದು ನಾವು ಹೇಳುತ್ತಿಲ್ಲ. ಅದು ಮತದ ಗೌರವವಲ್ಲ, ಮತದ ವ್ಯಾಪಾರ. ನಾವು ಕೋರುವುದು ಮೂರು ಸರಳ ಕಾರ್ಯಗಳನ್ನು. ಒಂದು, ಮತದಾರರ ಪಟ್ಟಿಯಲ್ಲಿ ನಮ್ಮ ಮನೆಯವರ, ಅದರಲ್ಲಿಯೂ ದುಡಿಯಲು ದೂರದೂರಿಗೆ ಹೋದವರ ಹೆಸರುಗಳು ಇವೆಯೇ ಎಂದು ಚುನಾವಣೆಗೆ ಬಹು ಮೊದಲೇ ನೋಡಿಕೊಳ್ಳುವುದು. ಅವರು ಬಂದು ಹೋಗುವ ಖರ್ಚನ್ನು ಅಭ್ಯರ್ಥಿಯ ಕೈಯಿಂದ ಪಡೆಯದೆ ಮನೆಯವರೇ ಭರಿಸುವುದು. ಎರಡು, ಚುನಾವಣೆ ಮುಗಿದ ಮೇಲೂ ಶಾಸಕರನ್ನು ಕಾಣುವುದು: ನಮ್ಮ ಊರಿನ ರಸ್ತೆ, ಶಾಲೆ, ನೀರಿನ ಬಗ್ಗೆ ಸದನದಲ್ಲಿ ಏನು ಕೇಳಿದಿರಿ, ಏನು ಉತ್ತರ ಬಂದಿತು ಎಂದು ವಿನಯದಿಂದ, ಆದರೆ ಬಿಡದೆ ಕೇಳುವುದು. ಮೂರು, ಕೇಳುವಾಗ ನಮ್ಮ ಕೇರಿಯೊಂದರ ವಿಷಯವನ್ನೇ ಅಲ್ಲದೆ ಪಕ್ಕದ ಕೇರಿಯ ವಿಷಯವನ್ನೂ ಕೇಳುವುದು. ಪಾಮನಕಲ್ಲೂರಿನಲ್ಲಿ ಧರಣಿ ಕುಳಿತ ರೈತರು ತಮ್ಮ ಒಂದು ಊರಿಗಾಗಿ ಕುಳಿತಿರಲಿಲ್ಲ.

ಶಾಸಕರು ಬರುತ್ತಾರೆ, ಹೋಗುತ್ತಾರೆ. ಪಕ್ಷಗಳು ಏಳುತ್ತವೆ, ಬೀಳುತ್ತವೆ. ಮತದಾರ ಮಾತ್ರ ಊರಿನಲ್ಲಿಯೇ ಇರುತ್ತಾನೆ. ಇಲ್ಲವೇ ಗುಳೆ ಹೋಗಿ ಮರಳಿ ಬರುತ್ತಾನೆ. ಈ ದೇವಾಲಯದ ಮುಂದಿನ ನೂರು ವರ್ಷಗಳಲ್ಲಿ ಇಲ್ಲಿ ಕೂರುವ ನಮ್ಮ ಮೊಮ್ಮಕ್ಕಳು ರಾತ್ರಿ ಬಸ್ಸಿಗೆ ಕಾಯದೆ ತಮ್ಮ ಹೊಲದ ನೀರಿನ ಸರದಿಗೆ ಕಾಯುವಂತಾಗಬೇಕಾದರೆ ಅದರ ಒಂದು ಪಾಲು ಶಾಸಕರ ಕೈಯಲ್ಲಿದೆ, ಇನ್ನೊಂದು ಪಾಲು ನಮ್ಮ ಕೈಯಲ್ಲಿದೆ. ನಮ್ಮ ಪಾಲನ್ನು ನಾವು ಮಾಡೋಣ.